ಹನ್ನೊಂದರ ಮನೆಯಲ್ಲಿ ಏಳರ ಕೋಣೆ

ಆ ಶನಿವಾರ ಮಾಡಿದ ಕೆಲಸಗಳು: ಐದೂವರೆಗೆ ನಳದಲ್ಲಿ ನೀರು ಬಂತು, ಎರಡು ಹಂಡೆ, ನಾಲ್ಕು ಕೊಡ ತುಂಬಿದ್ದು. ಅತ್ತೆಯವರ ಪೂಜೆಗೆ ನೀರು, ಪತ್ರಿ, ವಿಭೂತಿ ಇಟ್ಟಿದ್ದು. ಹದಿನಾರು ರೊಟ್ಟಿ ಬಡಿದದ್ದು. ಪುಂಡಿಪಲ್ಲೆ ಸೋಸಿದ್ದು. ತೊಗರಿಬೇಳೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದು. ಅತ್ತೆಯವರ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು. ಎರಡು ಸೀರೆಗೆ ಫಾಲ್ ಹಚ್ಚಿದ್ದು. ಹಾಲಿಗೆ ಹೆಪ್ಪು ಹಾಕಿದ್ದು. ಹೊಸ ಕಂಪ್ಯೂಟರಿಗೆ ಯಾವ ಆಪರೇಟಿಂಗ್ ಸಿಸ್ಟಂ ಹೊಂದುತ್ತದೆಂದು ಆರಿಸಿದ್ದು.

ಇದು ನನ್ನ ದಿನಚರಿಯ ನೋಟ್‌ಬುಕ್ಕಿನಲ್ಲಿ ಇರುವ ಹಾಗೆಯೇ ಇದೆ. ನಮ್ಮ ಮನೆಯವರು ಅದನ್ನು ಓದಿ ನಕ್ಕಿದ್ದರು. "ರೊಟ್ಟಿ ಹದಿನಾರು ಅಂತ ಎಣಿಸಿ ಬರದಿ. ಮನಿ ಮಂದಿನ್ನೆಲ್ಲ ಎರಡು ದಿನ ಕುಣಿಸಿದ ಕಂಪ್ಯೂಟರಿಂದು ಒಂದ ಸಾಲಿನ್ಯಾಗ ಮುಗಿಸೀಯಲ್ಲ!" ಅಂದರು. ಅವರ ಮಾತು ಸರಿ. ಅದಕ್ಕೇ ಈಗ ಆ ಒಂದು ಸಾಲನ್ನು ಬಿಡಿಸಿ ಬರೆಯುತ್ತಿದ್ದೇನೆ.

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಇದೆ. ಬ್ಲೌಸಿನ ತೋಳು, ಬೆನ್ನು, ಸೀರೆಯ ಸೆರಗು, ಇವಕ್ಕೆ ದಾರದ ಕೆಲಸ ಮಾಡಿಕೊಡುತ್ತೇನೆ. ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಯಾವ ಹೊಲಿಗೆ ಎಲ್ಲಿ ಬೀಳಬೇಕೆಂದು ಹೇಳಿ, ಪೆನ್‌ಡ್ರೈವಿಗೆ ಹಾಕಿ ಮಷಿನ್ನಿಗೆ ಕೊಟ್ಟರೆ ಅದು ಹೊಲಿಯುತ್ತದೆ. ಚಿತ್ರ ಬರೆಯುವ ತಂತ್ರಾಂಶ ಮಷಿನ್ನಿನ ಜೊತೆಗೇ ಬಂದದ್ದು, ಹಳೆಯದು. ಡಾಂಗಲ್ ಎನ್ನುವ ಬೆರಳುದ್ದದ ಕೀಲಿಯೊಂದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಅದು ಬಾಗಿಲು ತೆಗೆಯುತ್ತದೆ. ಅದು ಓಡುತ್ತಿದ್ದದ್ದು ವಿಂಡೋಸ್ ಏಳರ ಮೇಲೆ. ನಾನು ಕಲಿತದ್ದೂ ಏಳರ ಮೇಲೆಯೇ. ಊರೆಲ್ಲ ಹತ್ತಕ್ಕೆ ಹೋದಾಗಲೂ ನಾನು ಹೋಗಲಿಲ್ಲ.

ನನ್ನ ಅತ್ತೆಯವರ ತವರು ಅಫಜಲಪುರ ತಾಲೂಕಿನ ಕರಜಗಿ. ಅವರ ತಾಯಿ ಕೈಯಾರೆ ಹೊಲಿದ ಒಂದು ಕುಂಚಿಗೆ ಮನೆಯಲ್ಲಿತ್ತು. ಕುಂಚಿಗೆ ಎಂದರೆ ಕೂಸಿನ ತಲೆಯ ಮೇಲೆ ಟೊಪ್ಪಿಗೆಯಾಗಿ, ಬೆನ್ನ ಮೇಲೆ ಸೆರಗಿನ ಹಾಗೆ ಇಳಿಯುವ ಬಟ್ಟೆ. ಖಣದ ಅರಿವೆ, ನೆತ್ತಿಗೆ ಒಂದು ಸೂರ್ಯ, ಎರಡೂ ಕಿವಿಗೆ ಒಂದೊಂದು ಗಿಳಿ, ಅಂಚಿನ ಸುತ್ತ ಕರಿದಾರದ ಇರುವೆ ಸಾಲು. ನಮ್ಮ ಮನೆಯ ಮಕ್ಕಳೆಲ್ಲ ಅದನ್ನೇ ಹಾಕಿಕೊಂಡು ತೊಟ್ಟಿಲು ಏರಿದವರು. ಕೆಲವು ವರ್ಷಗಳ ಹಿಂದೆ ಅರಿವೆ ಪುಡಿಯಾಗತೊಡಗಿದಾಗ ನಾನು ಅದರ ಫೋಟೋ ತೆಗೆದು, ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಲಿಗೆಗೆ ಹೊಲಿಗೆ ಕೂಡಿಸಿ ಕಂಪ್ಯೂಟರಿನಲ್ಲಿ ಬರೆದಿಟ್ಟೆ. ಮರುವರ್ಷ ಕುಂಚಿಗೆ ಮಡಿಕೆ ಮಡಿಕೆಗೆ ಹರಿದು ಕೈಗೆ ಬಂತು. ಆಮೇಲೆ ಉಳಿದದ್ದು ಕಂಪ್ಯೂಟರಿನೊಳಗಿನ ಚಿತ್ರ ಒಂದೇ.

ಜೇವರ್ಗಿಯಲ್ಲಿರುವ ನನ್ನ ನಾದಿನಿಯ ಮಗಳು ಬಸುರಾದಾಗ, "ಕುಂಚಿಗಿ ಹೊಲದು ಇಡ್ಲೇನ್ರಿ?" ಎಂದು ಅತ್ತೆಯವರನ್ನು ಕೇಳಿದ್ದೆ.

"ಬ್ಯಾಡ ತಂಗಿ. ಕೂಸು ಭೂಮಿಗಿ ಬರೋತನಾ ಅದರ ಹೆಸರಿಲೆ ಸೂಜಿ ಹಿಡೀಬಾರ್ದು" ಅಂದರು.

ನಮ್ಮಲ್ಲಿ ಇದು ಗಟ್ಟಿ ನಡಾವಳಿ. ಹುಟ್ಟುವ ಮೊದಲು ಅಂಗಿಯಿಲ್ಲ, ಟೊಪ್ಪಿಗೆಯಿಲ್ಲ. ಚಿತ್ರವನ್ನು ಮಷಿನ್ನಿಗೆ ತಿಳಿಯುವ ಫೈಲಾಗಿ ಮಾಡಿಡುವುದೂ ಸೂಜಿ ಹಿಡಿದಂತೆಯೇ ಎಂದು ನಾನೂ ಸುಮ್ಮನಾದೆ. ಹೆರಿಗೆಗೆ ಒಂದು ವಾರ ಇರುವಾಗ ಹಳೆಯ ಕಂಪ್ಯೂಟರ್ ಕೆಟ್ಟುಹೋಯಿತು. ಮದರ್‌ಬೋರ್ಡ್ ಸುಟ್ಟಿತ್ತು, ಡಿಸ್ಕ್ ಮಾತ್ರ ಉಳಿದಿತ್ತು. ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ತೊಟ್ಟಿಲ ಶಾಸ್ತ್ರ ಸೋಮವಾರ ಎಂದು ಗೊತ್ತಾಯಿತು.

ಅಫಜಲಪುರದ ಪರಿಚಯದ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಹೇಳಿದೆವು. "ಪ್ರೊಸೆಸರ್ ಹೊಸಾದ ಇರ್ಲಿ. ಆದ್ರ ಒಳಗ ಏನೂ ಹಾಕಬ್ಯಾಡ್ರಿ, ನಮ್ಮ ಹಳೇ ಏಳು ನಾವ ಕೂಡಸ್ಕೋತೇವಿ" ಎಂದೆ. ಅಂಗಡಿಯವರು ಫೋನಿನಲ್ಲಿ, "ಅಕ್ಕಾರ, ಹೊಸಾ ಪ್ರೊಸೆಸರಿಗಿ ಏಳು ಹೊಂದಂಗಿಲ್ರಿ" ಅಂದರು. ನಾನು ಕೇಳಲಿಲ್ಲ. ಹೊಸ ಮನೆಗೆ ಹೋಗುವಾಗ ಹಳೆಯ ಮನೆಯ ಜಗುಲಿಯ ದೇವರನ್ನು ಮೊದಲು ಒಳಗೆ ಒಯ್ಯುತ್ತೇವಲ್ಲ, ಕಂಪ್ಯೂಟರಿಗೂ ಹಾಗೆಯೇ ಎಂದು ನನ್ನ ಲೆಕ್ಕ. ಅತ್ತೆಯವರೂ ಹೂಂ ಅಂದಿದ್ದರು.

ಶುಕ್ರವಾರ ಕಂಪ್ಯೂಟರ್ ಬಂತು. ಅತ್ತೆಯವರು ಮೂರು ಬೆರಳಿನಿಂದ ವಿಭೂತಿ ಎಳೆದರು. ನಮ್ಮ ಮನೆಯವರು ಕಾಯಿ ಒಡೆದರು. ನಾನು ಹಳೆಯ ಡಿಸ್ಕನ್ನೇ ಹೊಸದಕ್ಕೆ ಕೂಡಿಸಿ ಚಾಲೂ ಮಾಡಿದೆ. ನಾಲ್ಕು ಬಣ್ಣದ ಬೆಳಕಿನ ಚುಕ್ಕಿಗಳು ಕೂಡಿ ಬಂದವು. ಮೂವರೂ ಮುಂದಕ್ಕೆ ಬಾಗಿದೆವು. ಪರದೆ ನೀಲಿಯಾಗಿ, ಬಿಳಿ ಅಕ್ಷರ ಮಿಂಚಿ, ಮತ್ತೆ ಮೊದಲಿನಿಂದ ಚುಕ್ಕಿಗಳು ಬಂದವು. ಏಳೆಂಟು ಸಲ ಹಾಗೇ ಆಯಿತು.

"ಹೊಸ್ತಲದಾಗ ಎಡವಿ ಎಡವಿ ವಾಪಸ್ ಹೊಂಟದಲ್ಲ ಇದು" ಅಂದರು ನಮ್ಮ ಮನೆಯವರು.

ಅತ್ತೆಯವರು ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಬಿಡಿಸುತ್ತ ಕುಳಿತರು. ನಾನು ಹಿಂದೆಯೇ ಹೋದೆ.

"ನಾನ ಬ್ಯಾಡ ಅಂದೆ ತಂಗಿ" ಅಂದರು, ತಲೆ ಎತ್ತದೆ. "ಹೊಲದು ಇಡ್ತೀನಂತ ನೀ ಕೇಳಿದ್ದಿ. ನಾನ ಬ್ಯಾಡ ಅಂದೆ. ನಮ್ಮವ್ವನ ಕೈದು ಇದ್ದದ್ದು ಅದೊಂದು."

ಅವರಿಗೆ ಎಂಬತ್ತು ದಾಟಿದೆ. ತಾಯಿಯದೊಂದು ಫೋಟೋ ಕೂಡ ಅವರ ಹತ್ತಿರ ಇಲ್ಲ. ಹಳೆಯ ಆಪರೇಟಿಂಗ್ ಸಿಸ್ಟಂ ಏಳದಿದ್ದರೆ ಹಳೆಯ ತಂತ್ರಾಂಶ ಏಳುವುದಿಲ್ಲ, ಅದು ಏಳದಿದ್ದರೆ ಆ ಸೂರ್ಯ, ಆ ಗಿಳಿಗಳು ಡಿಸ್ಕಿನೊಳಗೇ ಉಳಿಯುತ್ತವೆ. ನಾನು ಕೈ ತೊಳೆದುಕೊಂಡು ಫೋನ್ ಹಿಡಿದೆ.

ಫೋನ್ ಮಾಡಿದ್ದು ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಹೆಣ್ಣುಮಗಳಿಗೆ. ನನ್ನ ಹಳೆಯ ಗಿರಾಕಿ. ಆಕೆಯ ಬ್ಲೌಸುಗಳ ಬೆನ್ನಿಗೆ ನವಿಲು ಹಾಕಿಕೊಟ್ಟವಳು ನಾನೇ. "ನಾಳಿ ರಜಾ ಅದರಿ ಅಕ್ಕಾರ, ಮುಂಜಾನಿ ಬಸ್ಸಿಗಿ ಬರ್ತೇನಿ. ಪುಂಡಿಪಲ್ಲೆ ಮಾಡಿರಿ ಮತ್ತ" ಅಂದಳು. ಹದಿನಾರು ರೊಟ್ಟಿ ಆದದ್ದು ಅದಕ್ಕೇ.

ಶನಿವಾರ ಹತ್ತು ಗಂಟೆಗೆ ಬಂದಳು. ಚೀಲದಿಂದ ಪೆನ್‌ಡ್ರೈವುಗಳ ಗೊಂಚಲು, ಹಳೆಯ ಡಿಸ್ಕ್ ಓದುವ ವೈರು ತೆಗೆದಿಟ್ಟಳು. ಕಂಪ್ಯೂಟರ್ ನೋಡಿ ಮೊದಲು ಮಾಡಿದ ಕೆಲಸ, ಗಾಳಿ ಆಡುವ ಜಾಲರಿಯ ಮೇಲಿನ ವಿಭೂತಿಯನ್ನು ಬ್ರಷ್ಷಿನಿಂದ ಉದುರಿಸಿದ್ದು.

"ಆಯಿ, ವಿಭೂತಿ ಹಣಿಗಿ ಹಚ್ರಿ. ಇದು ಮೂಗು ಅದರಿ."

"ಯಾವುದು ಹಣಿ, ಯಾವುದು ಮೂಗು ನನಗ ಹ್ಯಾಂಗ ತಿಳೀಬೇಕು ಬೇ?" ಅಂದರು ಅತ್ತೆ. ಆದರೂ ಬಿಡದೆ ಕೇಳಿದರು, "ಮೊದಲ ಹಳೇದ ಹಾಕಿ ನೋಡು. ನಿನ್ನಿ ಇವರಿಗಿ ಕೂಡಸಾಕ ಬಂದಿಲ್ಲೇನೋ."

ಆಕೆ ಜಗಳಕ್ಕೆ ಹೋಗಲಿಲ್ಲ. ಏಳರ ಪೆನ್‌ಡ್ರೈವ್ ಚುಚ್ಚಿ ಹೊಸದಾಗಿ ಹಾಕಲು ಹೊರಟಳು. ಸ್ವಾಗತದ ಪರದೆ ಬಂತು. ಯಾವ ಭಾಷೆ ಬೇಕು ಎಂದು ಕೇಳಿತು. ಮೌಸ್ ಆಡಿಸಿದಳು, ಬಾಣ ಅಲುಗಲಿಲ್ಲ. ಕೀಬೋರ್ಡ್ ಒತ್ತಿದಳು, ಏನೂ ಆಗಲಿಲ್ಲ. ಮೌಸಿನ ಕೆಳಗೆ ಕೆಂಪು ದೀಪ ಕೂಡ ಹತ್ತಿರಲಿಲ್ಲ.

"ನೋಡ್ರಿ ಆಯಿ. ಬಾಗಲದಾಗ ನಿಂತು ಅದು ಕೇಳಾಕತ್ತದ. ನಾವು ಹೇಳಿದ್ದು ಅದಕ್ಕ ಕೇಳಸವಲ್ದು. ಈ ಮೌಸಿನ ತೂತು ಹೊಸಾ ಬೋರ್ಡಿಂದು. ಏಳು ಹುಟ್ಟಿದಾಗ ಇಂಥಾದ್ದ ಇದ್ದಿಲ್ಲ, ಗುರ್ತ ಹ್ಯಾಂಗ ಹಿಡೀಬೇಕು?"

ಅತ್ತೆಯವರು ಪರದೆಯನ್ನು ನೋಡುತ್ತ ಕುಳಿತರು. "ಅದರದೇನು ತಪ್ಪಿಲ್ಲ ಬಿಡು" ಅಂದರು ಕೊನೆಗೆ, ಕಿವಿ ಮಂದವಾದ ನೆಂಟರ ಬಗ್ಗೆ ಹೇಳುವ ಹಾಗೆ.

ಚಹಾ ಕುಡಿಯುತ್ತ ಆಕೆ ಉಳಿದ ದಾರಿಗಳನ್ನು ಹೇಳಿದಳು. ಲಿನಕ್ಸ್ ಎಂಬುದೊಂದಿದೆ, ಅದರ ಹೊಸ ಆವೃತ್ತಿಗೆ ಈ ಪ್ರೊಸೆಸರ್ ಚೆನ್ನಾಗಿ ಗೊತ್ತು, ಆಕೆಯ ಲ್ಯಾಬಿನಲ್ಲಿ ಅದೇ ಓಡುತ್ತದೆ. "ಆದ್ರ ಸೋಮವಾರದೊಳಗ ನೀವು ಅದರ ರೀತಿ ರಿವಾಜು ಎಲ್ಲಾ ಕಲೀಬೇಕ್ರಿ ಅಕ್ಕಾರ." ನಾನು ಆಗದೆಂದು ತಲೆ ಅಲ್ಲಾಡಿಸಿದೆ. ವಿಂಡೋಸ್ ಹತ್ತು ಹಾಕಬಹುದು, ಓಡುತ್ತದೆ. ಆದರೆ ಅದಕ್ಕೆ ಹೊಸ ದುರಸ್ತಿಗಳು ಬರುವುದು ನಿಂತಿದೆ. ಅದಲ್ಲದೆ ಈ ಪ್ರೊಸೆಸರಿನ ಸ್ವಭಾವ ಅದಕ್ಕೆ ಪೂರ್ತಿ ತಿಳಿಯದು.

"ಪ್ರೊಸೆಸರಿಗಿ ಎಂಥಾ ಸ್ವಭಾವಬೇ?" ಅಂದರು ಅತ್ತೆ.

"ಆಯಿ, ಇದರಾಗ ಹತ್ತು ಮಂದಿ ಕೆಲಸದವರು ಕುಂತಾರಂತ ತಿಳಕೋರಿ. ಆರು ಮಂದಿ ಗಟ್ಟಿಗರು. ಭಾರಿ ಕೆಲಸ ಮಾಡ್ತಾರ, ಕರೆಂಟೂ ಭಾಳ ಉಣ್ತಾರ. ನಾಲ್ಕು ಮಂದಿ ಸಣ್ಣವರು. ಹಗೂರ ಕೆಲಸ, ತುಸು ಊಟ. ಮೊದಲಿನ ಪ್ರೊಸೆಸರಿನ್ಯಾಗ ಎಲ್ಲಾರೂ ಒಂದ ನಮೂನಿ ಇರ್ತಿದ್ರು. ಯಾರಿಗಿ ಏನು ಹೇಳಿದ್ರೂ ನಡೀತಿತ್ತು."

ಅತ್ತೆಯವರ ಕಣ್ಣು ಅರಳಿತು. "ಅಂದ್ರ ಕೂಡಿದ ಮನಿ ಇದ್ದಂಗ!"

"ಬರೋಬ್ಬರಿ!"

"ನಾ ಮದಿವ್ಯಾಗಿ ಬಂದ ಹಿರೋಳ್ಳಿ ಮನ್ಯಾಗ ನಾವು ಐದು ಮಂದಿ ಸೊಸ್ತೇರು. ನಮ್ಮತ್ತಿ ಒಟ್ಟ ಕೂತಲ್ಲಿಂದ ಏಳ್ತಿದ್ದಿಲ್ಲ. ನೀ ರೊಟ್ಟಿಗಿ ಕೂಡು, ನೀ ಕಾಳು ಹಸನ ಮಾಡು, ನೀ ದನದ ಕಡಿ ಹೋಗು. ಯಾರ ರಟ್ಟ್ಯಾಗ ಎಷ್ಟು ಕಸುವು ಅದ ಅಕಿಗಿ ಗೊತ್ತಿತ್ತು. ಅಕಿ ತೀರಿದ ಮ್ಯಾಲ ನಮ್ಮ ಹಿರೇ ನೆಗೆಣ್ಣಿ ಕೈಯಾಗ ಕಾರಭಾರ ಬಂತು ನೋಡು. ಸಣ್ಣಾಕಿನ್ನ ಅರವತ್ತು ರೊಟ್ಟಿಗಿ ಕೂಡಸಿದ್ಲು, ನನಗ ಬತ್ತಿ ಹೊಸಿ ಅಂದ್ಲು! ಉಣ್ಣಾಕ ಬಂದ ಮಂದಿ ಗ್ವಾಡಿ ನೋಡ್ಕೋತ ಕುಂತಿದ್ರು."

"ಆಯಿ, ನೀವು ನಮ್ಮ ಲ್ಯಾಬಿಗಿ ಬರ್ರಿ, ನನ್ನ ಖುರ್ಚಿ ಬಿಟ್ಟುಕೊಡ್ತೇನಿ" ಎಂದು ಆಕೆ ನಕ್ಕಳು. "ಆಪರೇಟಿಂಗ್ ಸಿಸ್ಟಂ ಅಂದ್ರ ಆ ಅತ್ತಿನೇ ನೋಡ್ರಿ. ಈ ಮನಿಗಿ ಯಾರ ಕೈಲೆ ಏನಾಗ್ತದಂತ ಗೊತ್ತಿದ್ದಾಕಿ ಬೇಕು. ಅದು ಹನ್ನೊಂದಕ್ಕ ಗೊತ್ತದ."

"ಹಂಗಾದ್ರ ಹನ್ನೊಂದ ಹಾಕು" ಅಂದರು ಅತ್ತೆ, ಸೀರೆಯ ಸೆರಗು ಹೆಗಲಿಗೆ ಎಳೆದುಕೊಳ್ಳುತ್ತ. ಮರುಕ್ಷಣ ಅವರ ಮುಖ ಇಳಿಯಿತು. "ಮತ್ತ ನಮ್ಮವ್ವಂದು? ಅದು ಏಳರಾಗ ಅದಲ್ಲ?"

ಹೌದು. ಹನ್ನೊಂದರ ಮೇಲೆ ನನ್ನ ಹಳೆಯ ತಂತ್ರಾಂಶ ಏಳುತ್ತದೋ ಇಲ್ಲವೋ, ನೋಡದೆ ಹೇಳುವಂತಿರಲಿಲ್ಲ. ಆಕೆ ಹನ್ನೊಂದು ಹಾಕಿದಳು. ಈ ಸಲ ಮೌಸ್ ಹಾವಿನಮರಿಯ ಹಾಗೆ ಓಡಿತು. ರೊಟ್ಟಿಯ ಕೊನೆಯ ಹಿಟ್ಟು ಬಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂತ್ರಾಂಶವನ್ನು ಹಾಕಿ ಡಾಂಗಲ್ ಚುಚ್ಚಿದೆವು. ಕೀಲಿ ಸಿಗುತ್ತಿಲ್ಲ ಎಂದು ಸಂದೇಶ ಬಂತು. ಬೇರೆ ತೂತಿಗೆ ಚುಚ್ಚಿದೆವು. ಅದೇ ಸಂದೇಶ. ಕೀಲಿಯನ್ನು ಗುರುತಿಸುವ ಹಳೆಯ ಚಾಲಕ ತಂತ್ರಾಂಶವನ್ನು ಹನ್ನೊಂದು ಒಳಗೆ ಬಿಟ್ಟುಕೊಳ್ಳಲಿಲ್ಲ.

ನಾನು ಅತ್ತೆಯವರ ಕಡೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

"ಗಡಬಡಿ ಮಾಡಬ್ಯಾಡ್ರಿ" ಅಂದಳು ಆಕೆ. "ಮನಿ ಹನ್ನೊಂದರದ ಇರ್ಲಿ. ಅದರಾಗ ಒಂದು ಕ್ವಾಣಿ ಕಟ್ಟಿ ಏಳನ್ನ ಅಲ್ಲಿ ಕೂಡಸೋಣ."

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟುವ ತಂತ್ರಾಂಶ ಇದೆಯಂತೆ. ನಿಜವಾದದ್ದಲ್ಲ, ತೋರಿಕೆಯದು. ಅದು ಒಳಗಿರುವ ಆಪರೇಟಿಂಗ್ ಸಿಸ್ಟಂಗೆ ಹಳೆಯ ಕಾಲದ ಬೋರ್ಡಿನ ಹಾಗೆ, ಹಳೆಯ ಮೌಸಿನ ಹಾಗೆ ಕಾಣಿಸಿಕೊಳ್ಳುತ್ತದೆ. ಹೊಸ ಪ್ರೊಸೆಸರಿನ ಆ ಹತ್ತು ಮಂದಿಯ ಗದ್ದಲ ಅದಕ್ಕೆ ತಾಕುವುದಿಲ್ಲ. ಇಬ್ಬರು ಕೆಲಸದವರನ್ನು ಅದರ ಸೇವೆಗೆ ಬಿಟ್ಟರೆ ಸಾಕು.

ನಮ್ಮ ಮನೆಯವರು ದಾಲ್ ಮಿಲ್ಲಿನಿಂದ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. "ಹಿರಿಯರಿಗಿ ಒಳಕ್ವಾಣಿ, ಇಬ್ಬರು ಆಳು, ಹೊತ್ತಿಗಿ ಊಟ. ಯವ್ವಾ, ನಿನಗ ಕೊಟ್ಟಂಗ ಕೊಟ್ಟಾರ ನೋಡು" ಅಂದರು.

"ನನಗ ಇಬ್ಬರು ಆಳು ಎಲ್ಲ್ಯದಾರಲೇ? ಇರಾಕಿ ಇಕಿ ಒಬ್ಬಾಕಿ. ಅಕಿನೂ ಬರಕೋತ ಕುಂದುರ್ತಾಳ" ಅಂದರು ಅತ್ತೆ, ನನ್ನ ನೋಟ್‌ಬುಕ್ಕಿನ ಕಡೆ ಕೈ ಮಾಡಿ. ಎರಡು ದಿನದಲ್ಲಿ ಅವರು ತಮಾಷೆಗೆ ಆಡಿದ ಮೊದಲ ಚುಚ್ಚುಮಾತು ಅದು. ನನಗೆ ಅದರಷ್ಟು ಖುಷಿ ಕೊಟ್ಟ ಮಾತು ಆ ದಿನ ಮತ್ತೊಂದಿಲ್ಲ.

ಊಟವಾದ ಮೇಲೆ ಕೋಣೆ ಕಟ್ಟುವ ಕೆಲಸ ನಡೆಯಿತು. ಪರದೆಯ ಮಧ್ಯೆ ಒಂದು ಸಣ್ಣ ಕಿಟಕಿ ತೆರೆಯಿತು. ಅದರಲ್ಲಿ ಅದೇ ಸ್ವಾಗತ, ಅದೇ ಭಾಷೆಯ ಪ್ರಶ್ನೆ. ಆಕೆ ಮೌಸ್ ಆಡಿಸಿದಳು. ಬಾಣ ಅಲುಗಿತು. ನಾನು ಚಪ್ಪಾಳೆ ಹೊಡೆದೆ. ಅರ್ಧ ತಾಸಿನಲ್ಲಿ ಹೊಸ ಕಂಪ್ಯೂಟರಿನೊಳಗೆ ನನ್ನ ಹಳೆಯ ಏಳು ಎದ್ದು ಕುಳಿತಿತ್ತು. ಅದೇ ನೀಲಿ ಹಿನ್ನೆಲೆ, ಅದೇ ಕೆಳಗಿನ ಪಟ್ಟಿ. ತಂತ್ರಾಂಶ ಹಾಕಿದೆವು. ಡಾಂಗಲನ್ನು ಹೊರಮನೆಯಿಂದ ಒಳಕೋಣೆಗೆ ದಾಟಿಸಲು ಒಂದು ಕಡೆ ಗುರುತು ಹಾಕಬೇಕಿತ್ತು, ಹಾಕಿದಳು. ಕೀಲಿಯ ಹಸಿರು ದೀಪ ಹತ್ತಿತು. ತಂತ್ರಾಂಶ ಬಾಗಿಲು ತೆಗೆಯಿತು.

ಹಳೆಯ ಡಿಸ್ಕಿನಿಂದ ಫೈಲನ್ನು ತಂದು ತೆರೆದದ್ದು ನಾನೇ. ಮೊದಲು ಖಾಲಿ ಪರದೆ. ಆಮೇಲೆ ಹೊಲಿಗೆ ಹೊಲಿಗೆಯಾಗಿ ಸೂರ್ಯ, ಒಂದು ಗಿಳಿ, ಇನ್ನೊಂದು ಗಿಳಿ.

ಅತ್ತೆಯವರು ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ಹಚ್ಚುವಷ್ಟು ಹತ್ತಿರ ಬಂದರು. ಅಂಚಿನ ಇರುವೆಗಳ ಮೇಲೆ ಬೆರಳಾಡಿಸುತ್ತ ಹೋದರು. ಬಲಗಡೆಯ ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲಿ ಸಾಲಿನಲ್ಲಿ ಒಂದು ಇರುವೆಯ ಜಾಗ ಖಾಲಿ ಇತ್ತು.

"ಅಯ್ಯ, ಒಂದು ಬಿಟ್ಟಂಗ ಆಗ್ಯದ. ಈಗ ಕೂಡಸ್ತೇನ್ರಿ" ಎಂದು ನಾನು ಮೌಸ್ ಹಿಡಿದೆ.

"ಕೈ ಹಚ್ಚಬ್ಯಾಡ!" ಎಂದು ನನ್ನ ಮಣಿಕಟ್ಟು ಹಿಡಿದರು. "ಅದು ಅವ್ವ ಬಿಟ್ಟದ್ದು. ಪೂರಾ ಛಂದ ಮಾಡಿದ್ರ ಕೂಸಿಗಿ ಮಂದಿ ಕಣ್ಣು ಬಿದ್ದು ನೆದರು ಆಗ್ತದಂತ ಒಂದು ಇರುವಿ ಬಿಡ್ತಿದ್ಲು." ಅವರು ನಗುತ್ತಿದ್ದರು. "ಇದು ಅಕಿದ. ಬರೋಬ್ಬರಿ ಅಕಿದ."

ಲ್ಯಾಬಿನ ಹೆಣ್ಣುಮಗಳು ವೈರು ಸುತ್ತುವುದನ್ನು ಬಿಟ್ಟು ಕುಳಿತಳು. ನಮ್ಮ ಮನೆಯವರು ಮಿಲ್ಲಿಗೆ ಹೊತ್ತಾಯಿತೆಂದು ಎರಡು ಸಲ ಹೇಳಿದರು, ಹೋಗಲಿಲ್ಲ.

ಇನ್ನು ತಲೆಯ ಅಳತೆ ಬೇಕಿತ್ತು. ಜೇವರ್ಗಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ವೈನಿ, ಕೂಸು ಈಗ ಕಣ್ಣು ಮುಚ್ಚ್ಯದರಿ. ಎಬ್ಬಿಸಿದ್ರ ಓಣಿ ಎಲ್ಲಾ ಏಳ್ತದ" ಅಂದಳು ನಾದಿನಿ.

"ಎಬ್ಬಸಬ್ಯಾಡ. ದಾರ ತಗೊಂಡು ಹಗೂರ್ಕ ಹಣಿ ಸುತ್ತು, ಆಮ್ಯಾಲ ದಾರ ಅಳಿ."

ಅತ್ತೆಯವರು ಫೋನಿನೊಳಗೆ ಕೂಗಿದರು: "ಎರಡು ಬಟ್ಟು ಜಾಸ್ತಿ ಹೇಳಬೇ! ನಮ್ಮ ಮನಿ ಕೂಸುಗಳ ತಲಿ ಜಲ್ದಿ ಬೆಳೀತಾವ."

"ಯವ್ವಾ, ನೀ ಚೀರಿದ್ದಕ್ಕ ಎದ್ದೇಬಿಡ್ತು ನೋಡು!" ಎಂದಳು ನಾದಿನಿ. ಅಳುವಿನ ನಡುವೆಯೇ ಅಳತೆ ಬಂತು. ಮೂವತ್ತೈದೂವರೆ ಸೆಂಟಿಮೀಟರ್. ಅದರ ಮೇಲೆ ಅತ್ತೆಯವರ ಎರಡು ಬೆರಳು.

ಹಸಿರು ಖಣವನ್ನು ರಿಂಗಿಗೆ ಬಿಗಿದು ಮಷಿನ್ ಚಾಲೂ ಮಾಡಿದೆ. ಹಳದಿ ದಾರದ ಸೂರ್ಯ ಮೊದಲು ಬಂತು. ಬಣ್ಣ ಬದಲಿಸುವಾಗೆಲ್ಲ ಅತ್ತೆಯವರೇ ದಾರದ ಉರುಳೆ ಆರಿಸಿ ಕೊಟ್ಟರು. ಗಿಳಿಯ ಕೊಕ್ಕಿಗೆ ನಾನು ಹಿಡಿದ ಕೆಂಪು ಅವರಿಗೆ ಒಪ್ಪಿಗೆಯಾಗದೆ ಮೂರು ಕೆಂಪು ತೆಗೆಸಿದರು. ಮಾಳಿಗೆಯ ಮೇಲಿನ ಬೇಳೆ ಇಳಿಸುವ ಹೊತ್ತಿಗೆ ಕೊನೆಯ ಇರುವೆ ಬಿದ್ದಿತ್ತು. ಒಳಗೆ ಮೆತ್ತನೆಯ ಹಳೆಯ ಧೋತರದ ಅಸ್ತರಿ ಹಚ್ಚಿ, ಅಂಚಿನ ಹೊಲಿಗೆಯನ್ನು ಕೈಯಿಂದಲೇ ಹಾಕಿದೆ.

ಆಕೆ ಬಸ್ಸಿಗೆ ಹೊರಡುವ ಮೊದಲು ಒಳಕೋಣೆಯ ಏಳಕ್ಕೆ ಇಂಟರ್ನೆಟ್ ಕೊಡಬಾರದೆಂದು ಹೇಳಿದಳು. "ವಯಸ್ಸಾದದ್ದು ಅದರಿ, ಹೊರಗಿನ ಗಾಳಿ ತಡ್ಯಂಗಿಲ್ಲ." ಉಳಿದ ಎರಡು ರೊಟ್ಟಿ, ಬಟ್ಟಲು ಪುಂಡಿಪಲ್ಲೆಯನ್ನು ಡಬ್ಬಿಗೆ ಹಾಕಿ ಕೊಟ್ಟೆ.

ಸೋಮವಾರ ಬೆಳಗಿನ ಬಸ್ಸಿಗೆ ಮೂವರೂ ಜೇವರ್ಗಿಗೆ ಹೋದೆವು. ಅತ್ತೆಯವರು ಕುಂಚಿಗೆಯನ್ನು ನನ್ನ ಚೀಲದಲ್ಲಿಡಲು ಬಿಡದೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಕಲಬುರಗಿ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಆ ಚಿತ್ರ ಎರಡು ಮೂರು ಕಡಿ ಇಟ್ಟೀಯಿಲ್ಲೊ? ಮಷಿನ್ನಿಗಿ ತಿಳಿಯೋ ಹಂಗ?"

"ಇನ್ನಾ ಹುಟ್ಟದ ಕೂಸಿಗಿ ಸೂಜಿ ಹಿಡೀಬಾರ್ದಲ್ರಿ?"

"ಸೂಜಿ ಎಲ್ಲಿ ಹಿಡಿಯಂದೆ? ಇಡು ಅಂದೆ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ನಾನು ಆಗಲೇ ಮೂರು ಕಡೆ ಇಟ್ಟಿದ್ದೆ.

ತೊಟ್ಟಿಲಿನ ಹತ್ತಿರ ಹೆಂಗಸರು ಕಿಕ್ಕಿರಿದಿದ್ದರು. ಕೂಸಿಗೆ ಕುಂಚಿಗೆ ಕಟ್ಟಿದವರು ಅತ್ತೆಯವರೇ. ಲಾಡಿ ಬಿಗಿದು, ಮೂಲೆಯ ಆ ಖಾಲಿ ಜಾಗವನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿ, ಕೂಸನ್ನು ತೊಟ್ಟಿಲಿನ ಕೆಳಗಿನಿಂದ ಆಚೆಯವರ ಕೈಗೆ ದಾಟಿಸಿದರು. ಕೂಸಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಿ ಕುರ್ರ್ ಅಂದಳು. ಎಲ್ಲರೂ ವಾಡಿಕೆಯಂತೆ ಆಕೆಯ ಬೆನ್ನಿಗೆ ದಬದಬ ಗುದ್ದಿದರು. "ಯಾರು ಹೊಲಿದದ್ದು ಕುಂಚಿಗಿ?" ಎಂದು ಬೀಗಿತ್ತಿಯೊಬ್ಬರು ಕೇಳಿದಾಗ ಅತ್ತೆಯವರು ಚೂರೂ ತಡೆಯದೆ, "ನಮ್ಮವ್ವ" ಅಂದರು.

ಊಟಕ್ಕೆ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಹೆಸರುಕಾಳಿನ ಉಸುಳಿ, ಶೇಂಗಾ ಹಿಂಡಿ, ಮೊಸರು, ಗೋಧಿ ಹುಗ್ಗಿ, ಅನ್ನ, ಕಟ್ಟಿನ ಸಾರು. ಎದ್ದು ಬರುವಾಗ ಎಲ್ಲರಿಗೂ ಒಂದೊಂದು ಬೊಗಸೆ ಗುಗ್ಗರಿ. ನಮ್ಮ ಮನೆಯವರು ಹುಗ್ಗಿಗೆ ಮೂರು ಸಲ ತುಪ್ಪ ಹಾಕಿಸಿಕೊಂಡರು. ಊಟವಾದ ಮೇಲೆ ತೊಟ್ಟಿಲು ತೂಗುತ್ತೇನೆಂದು ಹಗ್ಗ ಹಿಡಿದು ಕುಳಿತ ಅತ್ತೆಯವರು ಗೋಡೆಗೆ ತಲೆ ಕೊಟ್ಟು ಮೊದಲು ಮಲಗಿದರು. ಆಮೇಲೆ ಚಾಪೆಯ ಮೇಲೆ ನಮ್ಮ ಮನೆಯವರು. ಕೂಸು ಇನ್ನೂ ಒಂದು ತಾಸು ಕಣ್ಣು ಬಿಟ್ಟುಕೊಂಡೇ ಇತ್ತು.